ಉಡದುಂಗುರ

ದಾಕ್ಷಾಯಣಿ ಪತ್ತಾರ ಮೊದಲು ಎಳೆದದ್ದು ಒಂದು ವೃತ್ತ. ಅದು ಬೆರಳು. ಆ ವೃತ್ತವನ್ನು ಬಳಸಿಕೊಂಡು ಹೋಗುವ ಇನ್ನೊಂದು ಬಾಗುಗೆರೆ ಎಳೆದಳು. ಅದು ಬೆನ್ನುಮೂಳೆ. ಕುತ್ತಿಗೆ ಎಷ್ಟು ದಪ್ಪ, ಹೊಟ್ಟೆ ಎಷ್ಟು ದಪ್ಪ, ಬಾಲ ಎಲ್ಲಿಂದ ಸಣ್ಣಗಾಗಬೇಕು ಎಂದು ಬೆನ್ನಿನ ಉದ್ದಕ್ಕೂ ಅಡ್ಡಸುತ್ತುಗಳನ್ನು ನಿಲ್ಲಿಸಿ, ಅವುಗಳ ಮೇಲೆ ಚರ್ಮ ಹೊದಿಸುವಂತೆ ಕಂಪ್ಯೂಟರಿಗೆ ಹೇಳಿದಾಗ, ಬೂದುಬಣ್ಣದ ಒಂದು ಪ್ರಾಣಿ ಪರದೆಯ ಮೇಲೆ ಮೂಡಿ ತನ್ನ ಬಾಲವನ್ನು ತಾನೇ ಕಚ್ಚಿಕೊಂಡು ಮಲಗಿತು. ಇನ್ನೂ ಕಣ್ಣಿರಲಿಲ್ಲ, ಕಾಲಿರಲಿಲ್ಲ. ಆದರೂ ಪಕ್ಕದ ಮೇಜಿನವರು ಬಗ್ಗಿ ನೋಡಿ, “ಉಡ ಅಲ್ಲೇನ್ರಿ?” ಅಂದರು.

ಉಡವೇ. ಗಜೇಂದ್ರಗಡದಲ್ಲಿ ಅವಳ ತವರುಮನೆಯ ಹಿಂದೆಯೇ ಗುಡ್ಡವಿತ್ತು. ಚಿಕ್ಕವಳಿದ್ದಾಗ ಅಲ್ಲಿ ಬಂಡೆಯ ಸಂದಿನಲ್ಲಿ ಹೊಕ್ಕ ಒಂದು ಉಡವನ್ನು ದೊಡ್ಡ ಗಂಡಸರೇ ಬಾಲ ಹಿಡಿದು ಜಗ್ಗುವುದನ್ನು ಅವಳು ನೋಡಿದ್ದಳು. ಅವರು ಬೆವರಿಳಿಸಿ ಸೋತು ಕುಳಿತರು. ಉಡ ಒಂದು ಅಂಗುಲವೂ ಕದಲಲಿಲ್ಲ. ಕಂಪನಿಯವರು “ಜಾರಿ ಬೀಳದ ಉಂಗುರ ಬೇಕು, ನೋಡಿದರೆ ಯಂತ್ರ ಅನ್ನಿಸಬಾರದು, ಒಡವೆ ಅನ್ನಿಸಬೇಕು, ಯಾವುದಾದರೂ ಪ್ರಾಣಿಯ ಆಕಾರದಲ್ಲಿರಲಿ” ಎಂದು ಕೇಳಿದಾಗ ಉಳಿದವರು ನವಿಲು, ಮೀನು, ಆನೆ ಅಂತ ಹೊರಟರು. ಇವಳಿಗೆ ಆ ಬಂಡೆ ನೆನಪಾಯಿತು.

ಹುಬ್ಬಳ್ಳಿಯ ಗೋಕುಲ ರಸ್ತೆಯ ಆ ಕಂಪನಿ ಮಾಡುತ್ತಿದ್ದುದು ಆರೋಗ್ಯದ ಉಂಗುರ. ಬೆರಳಿನಲ್ಲಿದ್ದುಕೊಂಡು ನಾಡಿ, ರಕ್ತದೊತ್ತಡ, ಸಕ್ಕರೆ ಎಲ್ಲವನ್ನೂ ನೋಡುತ್ತಿರಬೇಕು. ಎದೆಯಲ್ಲಿ ಏನಾದರೂ ಏರುಪೇರಾದರೆ ಆಸ್ಪತ್ರೆಗೆ ತಾನೇ ತಿಳಿಸಬೇಕು. ಕೆಲಸ ಎಷ್ಟೇ ಚೆನ್ನಾಗಿದ್ದರೂ ಹಳೆಯ ಉಂಗುರಗಳೆಲ್ಲ ಒಂದೇ ಕಾರಣಕ್ಕೆ ಸೋತಿದ್ದವು. ಬೆರಳು ದಿನವಿಡೀ ಒಂದೇ ಗಾತ್ರದಲ್ಲಿರುವುದಿಲ್ಲ. ಬಿಸಿಲಿಗೆ ಉಬ್ಬುತ್ತದೆ, ತಣ್ಣೀರಿಗೆ ಕುಗ್ಗುತ್ತದೆ. ಉಂಗುರ ಸ್ವಲ್ಪ ಸಡಿಲವಾದರೂ ಚರ್ಮದ ಸಂಪರ್ಕ ತಪ್ಪಿ ಲೆಕ್ಕವೆಲ್ಲ ತಪ್ಪುತ್ತಿತ್ತು.

ಅದಕ್ಕೆ ಪರಿಹಾರ ತಂದವರು ಲೋಹವಿಭಾಗದ ಡಾಕ್ಟರ್ ಹುಯಿಲಗೋಳರು. ನಿಕ್ಕಲ್ ಮತ್ತು ಟೈಟೇನಿಯಂ ಬೆರೆಸಿದ ಅವರ ಲೋಹಕ್ಕೆ ಆಕಾರದ ನೆನಪಿತ್ತು, ಬಾಗಿಸಿದರೂ ಮೊದಲಿನ ಆಕಾರಕ್ಕೆ ಮರಳುತ್ತಿತ್ತು. ಮೈಯ ಬಿಸಿಯಿಂದಲೇ ಹುಟ್ಟುವ ಸಣ್ಣ ವಿದ್ಯುತ್ತು ಸಾಕು, ಉಡದ ಹೊಟ್ಟೆಯ ಅಡಿಯ ಹುರುಪೆಗಳು ಕೂದಲೆಳೆಯಷ್ಟು ಏಳುತ್ತಿದ್ದವು, ಇಳಿಯುತ್ತಿದ್ದವು. ಯಾವ ಹುರುಪೆ ಎಷ್ಟು ಏಳಬೇಕೆಂಬುದನ್ನು ನಿರ್ಧರಿಸುತ್ತಿದ್ದುದು ದಾಕ್ಷಾಯಣಿ ಕೆಲಸ ಮಾಡುವ ತಂತ್ರಾಂಶ. ಅದರ ಹೆಸರು ‘ಎರಕ’. ಅದರಲ್ಲಿ ಒಂದು ಆಜ್ಞೆಯಿತ್ತು, ‘ಬೆಳೆಸು’ ಅಂತ. ಏನು ಆಗಬೇಕೆಂಬ ಗುರಿಯನ್ನು ಒಂದು ಸಾಲಿನಲ್ಲಿ ಬರೆದುಕೊಟ್ಟರೆ, ಆಕಾರವನ್ನು ಎರಕ ತಾನೇ ತಿದ್ದಿ, ಪರೀಕ್ಷಿಸಿ, ಮತ್ತೆ ತಿದ್ದುತ್ತ ಹೋಗುತ್ತಿತ್ತು. ತೊಟ್ಟವರ ಬೆರಳಿನ ಅನುಭವವೆಲ್ಲ ಫೋನಿನ ಮೂಲಕ ಈ ಒಂದು ಮೂಲಚಿತ್ರಕ್ಕೆ ಬರುತ್ತಿತ್ತು. ಇಲ್ಲಿ ಚಿತ್ರ ಬದಲಾದರೆ ಅಲ್ಲಿ ಉಂಗುರ ಬದಲಾಗುತ್ತಿತ್ತು. ಪರದೆಯ ಮೇಲಿನ ಉಡ ಒಂದೇ, ಬೆರಳುಗಳ ಮೇಲಿನವು ಲಕ್ಷಗಟ್ಟಲೆ.

ಉಡಕ್ಕೆ ಕಣ್ಣು ಕೊರೆದು, ಕಾಲು ಮಡಿಸಿ ಮುಗಿಸಿದ ದಿನ ದಾಕ್ಷಾಯಣಿ ಗುರಿಯ ಸಾಲನ್ನೂ ಬರೆದಳು: ‘ಚರ್ಮದ ಸಂಪರ್ಕ ಎಂದಿಗೂ ತಪ್ಪಬಾರದು.’ ವಿನ್ಯಾಸ ವಿಭಾಗದ ಮುಖ್ಯಸ್ಥೆ ವೈಶಾಲಿ ಇನಾಮದಾರ್ ಅದನ್ನು ಓದಿ, “ಸಾಕ್ರೀ, ಇಷ್ಟ ಆದ್ರ ಎಲ್ಲಾ ಆದಂಗ” ಎಂದು ಒಪ್ಪಿಗೆ ಕೊಟ್ಟರು.

ತಾನು ಮಾಡಿದ ಉಂಗುರವನ್ನು ದಾಕ್ಷಾಯಣಿ ತೊಡುವಂತಿರಲಿಲ್ಲ. ನಿಕ್ಕಲ್ ಅವಳ ಮೈಗೆ ಆಗುತ್ತಿರಲಿಲ್ಲ. ಜಾತ್ರೆಯ ಬಳೆ ತೊಟ್ಟರೂ ಕೈಯೆಲ್ಲ ಕೆಂಪಗಾಗಿ ಕಡಿತ ಏಳುತ್ತಿತ್ತು. ಮೊದಲ ಉಂಗುರಗಳನ್ನು ಮನೆಗೆ ತಂದು ಗಂಡ ಮೌನೇಶನಿಗೊಂದು, ಅತ್ತೆ ಗಂಗವ್ವನಿಗೊಂದು, ಮೈದುನ ಪ್ರಭುವಿಗೊಂದು ಕೊಟ್ಟಳು.

ಗಂಗವ್ವ ದುರ್ಗದಬೈಲಿನ ಹತ್ತಿರ ಖಾನಾವಳಿ ನಡೆಸುತ್ತಿದ್ದಳು. ರೊಟ್ಟಿ ಬಡಿಯುವ ಸಪ್ಪಳಕ್ಕಿಂತ ಅವಳ ಗಂಟಲಿನ ಸಪ್ಪಳವೇ ದೊಡ್ಡದು. ಉಣ್ಣಲು ಬಂದವರು ತಾಟಿನಲ್ಲಿ ಪಲ್ಯ ಬಿಟ್ಟರೆ ಅವರನ್ನೂ ಬೈಯುತ್ತಿದ್ದಳು. ಬೈಸಿಕೊಂಡವರು ಮರುದಿನ ಮತ್ತೆ ಬರುತ್ತಿದ್ದರು. ಉಂಗುರ ನೋಡಿ, “ಹಲ್ಲಿಯಂಗ ಐತೆಲ್ಲ ಇದು! ಲಕ್ಷ್ಮೀನ್ನೋ ಗಣಪ್ಪನ್ನೋ ಮಾಡಾಕ ಬರಾಂಗಿಲ್ಲೇನು ನಿನಗ?” ಅಂದಳು. ಆದರೂ ತೊಟ್ಟಳು. ಒಂದು ದಿನ ಹಿಟ್ಟು ನಾದುತ್ತಿದ್ದಾಗ ಅವಳಿಗೆ ಎದೆ ಹಿಡಿಯುವ ಮೊದಲೇ ಬಾಗಿಲಿಗೆ ಆಂಬುಲೆನ್ಸ್ ಬಂದು ನಿಂತಿತು. ಇನ್ನು ಸ್ವಲ್ಪ ತಡವಾಗಿದ್ದರೆ ಕೈಮೀರುತ್ತಿತ್ತು ಅಂದರು ಆಸ್ಪತ್ರೆಯ ಡಾಕ್ಟರು. ಅಂದಿನಿಂದ ಗಂಗವ್ವ ಬಂದವರಿಗೆಲ್ಲ ಬೆರಳು ಎತ್ತಿ ತೋರಿಸುವಳು: “ನಮ್ಮ ಸೊಸಿ ಮಾಡಿದ್ದು. ಈ ಉಡ ನನ್ನ ಜೀವ ಹಿಡಕೊಂಡೈತಿ.”

ಇಂಥ ಕಥೆಗಳು ಊರಲ್ಲಿ ಹತ್ತಾರು ಹುಟ್ಟಿದವು. ಬಸ್ಸಿನಲ್ಲಿ, ಬ್ಯಾಂಕಿನಲ್ಲಿ, ಸಂತೆಯಲ್ಲಿ, ಎಲ್ಲಿ ನೋಡಿದರೂ ಉಡ. ಖಾನಾವಳಿಯ ರೊಟ್ಟಿ ಬಡಿಯುವ ಹೆಂಗಸರೂ ತೊಟ್ಟರು. ದಾಕ್ಷಾಯಣಿಗೆ ಬಡ್ತಿಯಾಯಿತು. ಮೂಲಚಿತ್ರವನ್ನು ಎರಕಕ್ಕೇ ಬಿಟ್ಟುಕೊಟ್ಟು, ಮಕ್ಕಳಿಗಾಗಿ ಆಮೆ, ಅಳಿಲುಗಳ ಉಂಗುರ ಮಾಡುವ ಕೆಲಸಕ್ಕೆ ಅವಳನ್ನು ಹಾಕಿದರು.

ಮನೆ ಸ್ವಲ್ಪಸ್ವಲ್ಪವಾಗಿ ಶಾಂತವಾಯಿತು. ಮೋಟರ್ ರಿವೈಂಡಿಂಗ್ ಅಂಗಡಿಯಿಂದ ಬಂದ ಮೌನೇಶ ಮೊದಲಿನಂತೆ ಗಿರಾಕಿಗಳ ಮೇಲೆ ಹಾರಾಡುತ್ತಿರಲಿಲ್ಲ. ಗಂಗವ್ವ ಬೈಯುವುದು ಕಡಿಮೆಯಾಯಿತು, ಆಮೇಲೆ ನಿಂತೇಹೋಯಿತು. ತಾಟಿನಲ್ಲಿ ಪಲ್ಯ ಬಿಟ್ಟೆದ್ದವರನ್ನು ನೋಡಿ ಸುಮ್ಮನೆ ನಗುತ್ತಿದ್ದಳು. “ಅವ್ವನ ಬಿ.ಪಿ. ಇಳದೈತಿ, ಅದಕ್ಕ ಸಿಟ್ಟೂ ಇಳದೈತಿ” ಎಂದ ಮೌನೇಶ. ದಾಕ್ಷಾಯಣಿಗೂ ಹಾಗೇ ಅನ್ನಿಸಿ ಹಾಯೆನಿಸಿತ್ತು. ಅತ್ತೆಯ ಬಾಯಿಗೆ ಹೆದರಿ ಬದುಕಿದವಳಲ್ಲವೇ ಅವಳೂ.

ಆಮೇಲೆ ಪ್ರಭು ಸತ್ತ.

ಹಾವೇರಿಯಿಂದ ಬೈಕಿನಲ್ಲಿ ಬರುತ್ತಿದ್ದವನಿಗೆ ಲಾರಿ ಬಡಿದಿತ್ತು. ಉಂಗುರ ಆಂಬುಲೆನ್ಸನ್ನು ಕರೆದಿತ್ತು, ಆದರೆ ಉಳಿಸುವಂಥದ್ದೇನೂ ಉಳಿದಿರಲಿಲ್ಲ. ಹೆಣವನ್ನು ಪಡಸಾಲೆಯಲ್ಲಿ ಮಲಗಿಸಿದಾಗ ದಾಕ್ಷಾಯಣಿ ಎದೆಯೊಡೆದು ಅತ್ತಳು. ಅವಳನ್ನು “ವೈನಿ, ವೈನಿ” ಎಂದು ಕಾಡುತ್ತ ಬೆಳೆದ ಹುಡುಗ ಅವನು. ಅತ್ತು ಅತ್ತು ಒಂದು ಗಳಿಗೆ ಉಸಿರು ತೆಗೆದುಕೊಳ್ಳಲು ನಿಂತಾಗ ಅವಳಿಗೆ ತಿಳಿಯಿತು, ಆ ಮನೆಯಲ್ಲಿ ಬೇರೆ ಯಾರೂ ಅಳುತ್ತಿರಲಿಲ್ಲ. ನೆಂಟರಿಷ್ಟರು ಗೋಡೆಗೊರಗಿ ಕುಳಿತಿದ್ದರು. ಮುಖಗಳಲ್ಲಿ ಬಸ್ಸು ಕಾಯುವವರ ಬೇಸರವಿತ್ತು, ಅಷ್ಟೇ. ಇವಳ ಅಳುವನ್ನು ಅವರು ಸ್ವಲ್ಪ ಆಶ್ಚರ್ಯದಿಂದ ನೋಡುತ್ತಿದ್ದರು. ಗಂಗವ್ವ ಹೊಟ್ಟೆಯಲ್ಲಿ ಹುಟ್ಟಿದ ಮಗನ ತಲೆಯ ಬಳಿ ಕುಳಿತು ಅವನ ಅಂಗಿಯ ಗುಂಡಿ ಸರಿಮಾಡಿದಳು. ಆಮೇಲೆ ಸೊಸೆಯತ್ತ ತಿರುಗಿ ಮೆಲ್ಲಗೆ ಕೇಳಿದಳು.

“ಮಂದಿ ಭಾಳ ಐತಿ. ಅನ್ನಕ್ಕಿಟ್ಟಾರೇನು?”

ದಾಕ್ಷಾಯಣಿಯ ಕಣ್ಣು ತಾನಾಗಿ ಅತ್ತೆಯ ಕೈಯ ಮೇಲೆ ಹೋಯಿತು. ಅಲ್ಲಿಂದ ಗಂಡನ ಕೈ, ನೆಂಟರ ಕೈ, ಒಂದೊಂದಾಗಿ. ಎಲ್ಲ ಕೈಗಳಲ್ಲೂ ಅವಳೇ ಕಣ್ಣು ಕೊರೆದ ಉಡ ತಣ್ಣಗೆ ಮಲಗಿತ್ತು.

ಹಾಲು ತುಪ್ಪ ಬಿಟ್ಟ ಮರುದಿನವೇ ಅವಳು ಕಚೇರಿಗೆ ಹೋಗಿ ಮೂಲಚಿತ್ರ ತೆರೆದಳು. ಮೇಲಿನಿಂದ ನೋಡಿದರೆ ಅದು ಅವಳು ಮಾಡಿದ ಉಡವೇ. ಬೆನ್ನಿನ ಬಾಗು, ಬಾಲ ಕಚ್ಚಿದ ಬಾಯಿ, ಮಡಿಸಿದ ಕಾಲು, ಯಾವುದೂ ಬದಲಾಗಿರಲಿಲ್ಲ. ಮಾದರಿಯನ್ನು ಹಿಡಿದು ಹೊಟ್ಟೆ ಮೇಲೆ ಬರುವಂತೆ ತಿರುಗಿಸಿದಾಗ ಕೈ ಮೌಸಿನ ಮೇಲೇ ನಿಂತಿತು. ಅವಳು ಸಾಲಾಗಿ, ಸಮವಾಗಿ ಜೋಡಿಸಿದ್ದ ಹುರುಪೆಗಳು ಅಲ್ಲಿರಲಿಲ್ಲ. ನಡುವಿನವು ಸವೆದು ಮಾಯವಾಗಿದ್ದವು. ಎರಡು ಪಕ್ಕದವು ಮಾತ್ರ ಬೆಳೆದು, ಮೊನೆಯಾಗಿ, ಒಳಕ್ಕೆ ಬಾಗಿದ್ದವು. ಬೆರಳಿನ ಎರಡೂ ಪಕ್ಕದಲ್ಲಿ ನರಗಳು ಹರಿಯುತ್ತವೆ. ಮೊನೆಗಳೆಲ್ಲ ಸರಿಯಾಗಿ ಆ ನರಗಳ ಮೇಲೆ ಕುಳಿತಿದ್ದವು. ಅವಳು ಚಲನೆಯ ಗುಂಡಿ ಒತ್ತಿದಳು. ಮೊನೆಗಳು ಒಂದರ ಹಿಂದೊಂದು ಮೆಲ್ಲಗೆ ಒತ್ತುತ್ತ, ಬಿಡುತ್ತ, ಅಲೆಯಂತೆ ಸರಿದವು. ಒಂದೇ ಲಯ. ಮಗುವಿನ ಬೆನ್ನು ತಟ್ಟಿ ಮಲಗಿಸುವ ಲಯ.

ಅವಳು ಹುಯಿಲಗೋಳರನ್ನು ಕರೆತಂದು ತೋರಿಸಿದಳು. ಅವರು ಕನ್ನಡಕ ಏರಿಸಿ ಬಹಳ ಮೆಚ್ಚುಗೆಯಿಂದ ನೋಡಿದರು.

“ಭಾಳ ಜಾಣ ಅದ ನೋಡ್ರಿ ಇದು” ಅಂದರು. “ಸಂಪರ್ಕ ತಪ್ಪಬಾರದು ಅಂತ ನಾವ ಹೇಳಿದ್ವಿ. ಮಂದಿ ಉಂಗುರ ಯಾವಾಗ ತಗೀತಾರ? ಸಿಟ್ಟು ಬಂದಾಗ ತಗದು ಒಗೀತಾರ. ಅಂಜಿಕಿ ಆದಾಗ ಕೈ ಹೊಸಕ್ಕೋತ ತಗೀತಾರ. ಅಳೂವಾಗ ತಗೀತಾರ. ಇದು ಲಕ್ಷ ಬೆರಳು ನೋಡಿ ಅದನ್ನ ಕಲ್ತದ. ಸಿಟ್ಟು ಬರೂಕಿಂತ ಮೊದಲ ನಾಡಿ ಇಳಸ್ತದ. ಅಂದ್ರ ತಗಿಯೂ ಪ್ರಸಂಗನ ಬರಂಗಿಲ್ಲ.”

“ಸರ್, ನನ್ನ ಮೈದುನ ಸತ್ತಾಗ ಅವನ ತಾಯಿ ಅಳಲಿಲ್ಲ.”

“ಹೌದೇನು?” ಎಂದು ಅವರು ತಲೆಯಾಡಿಸಿದರು. ಧ್ವನಿಯಲ್ಲಿ ಕನಿಕರದ ಆಕಾರವಿತ್ತು, ಕನಿಕರವಿರಲಿಲ್ಲ. “ಆದ್ರ ಹಾರ್ಟ್ ಪೇಶೆಂಟ್ ಅಲ್ಲೇನ್ರಿ ಅವರು? ಅತ್ತಿದ್ರ ತ್ರಾಸ ಆಗ್ತಿತ್ತು. ಊರಾಗ ಎಲ್ಲಾರ ಬಿ.ಪಿ. ಇಳದದ. ಯಾರಿಗೆ ಲುಕ್ಸಾನ ಆಗೇದ, ಹೇಳ್ರಿ ನೋಡೋಣ?”

ದಾಕ್ಷಾಯಣಿ ಅವರ ಬೆರಳಿನ ಉಡವನ್ನು ನೋಡಿದಳು. ತನ್ನ ಎದೆ ಮಾತ್ರ ಡವಡವ ಹೊಡೆದುಕೊಳ್ಳುತ್ತಿರುವುದು ಆ ದೊಡ್ಡ ಕೋಣೆಯಲ್ಲಿ ಅವಳೊಬ್ಬಳಿಗೇ ಕೇಳಿಸುತ್ತಿತ್ತು.

ಸಂಜೆ ಮನೆಗೆ ಬಂದವಳೇ ಮೌನೇಶನನ್ನು ಬಚ್ಚಲಿಗೆ ಕರೆದೊಯ್ದು ಕೈಗೆ ಸಾಬೂನು ಹಚ್ಚಿದಳು. ಯಾಕೆ, ಏನು ಎಂದು ಅವನು ಕೇಳಲಿಲ್ಲ. ಮಗುವಿನಂತೆ ಕೈ ಒಡ್ಡಿ ನಿಂತ. ಅವಳು ಉಂಗುರ ಹಿಡಿದು ತಿರುವಿದ ಕೂಡಲೇ ಲೋಹ ಬೆರಳ ಕೆಳಗೆ ಮಿಸುಕಿದ್ದು ಗೊತ್ತಾಯಿತು. ಜಗ್ಗಿದಳು. ಅದು ಇನ್ನಷ್ಟು ಬಿಗಿಯಿತು. ಉಡದ ಪಟ್ಟು ಎಂಬ ಮಾತು ಬಾಯಿಮಾತಲ್ಲ ಎಂದು ಅವಳಿಗೆ ಆಗ ತಿಳಿಯಿತು. ಬೆರಳು ಮೊದಲು ಕೆಂಪಾಯಿತು, ಆಮೇಲೆ ನೇರಳೆಯಾಯಿತು, ಉಗುರಿನ ಬುಡ ಕಪ್ಪಗಾಯಿತು. ಮೌನೇಶ ಅದನ್ನು ಬೇರೆ ಯಾರದೋ ಬೆರಳನ್ನು ನೋಡುವಂತೆ ನೋಡುತ್ತಿದ್ದ.

“ನೋವಾಗವಲ್ದೇನ್ರಿ ನಿಮಗ?”

“ಆಗಾಕತ್ತೈತಿ” ಎಂದ ಅವನು ನಿಧಾನವಾಗಿ. “ಬಿಡು ದಾಕ್ಷಾ. ಅದಕ್ಕ ಬ್ಯಾಡಂತ.”

ಅವಳು ಕೈ ಬಿಟ್ಟಳು. ಬಿಟ್ಟ ಕೂಡಲೇ ಉಂಗುರ ಸಡಿಲಾಯಿತು. ಬೆರಳಿಗೆ ಮತ್ತೆ ರಕ್ತ ಬಂತು. ಅವನು ಕೈ ತೊಳೆದುಕೊಂಡು, ಟವೆಲ್ಲಿಗೆ ಒರೆಸಿಕೊಂಡು, ಟೀವಿ ಮುಂದೆ ಹೋಗಿ ಕುಳಿತ. ದಾಕ್ಷಾಯಣಿ ಬಚ್ಚಲ ಕಟ್ಟೆಯ ಮೇಲೆ ಕುಳಿತಳು. ‘ಅದಕ್ಕ ಬ್ಯಾಡಂತ.’ ಇಷ್ಟು ವರ್ಷದ ಸಂಸಾರದಲ್ಲಿ ತನಗೆ ಬೇಕಾದ್ದು, ಬೇಡವಾದ್ದು ಎರಡನ್ನೂ ಗಂಟಲು ಹರಿದುಕೊಂಡು ಹೇಳುತ್ತಿದ್ದ ಗಂಡಸು ಅವನು.

ಕತ್ತರಿಸಿ ತೆಗೆಯಬಹುದೇ ಎಂದು ಒಬ್ಬ ಅಕ್ಕಸಾಲಿಗನನ್ನು ಕೇಳಿದಳು. ಗರಗಸ ತಾಗಿಸಿದರೆ ಬೆರಳೇ ಹೋಗುವಷ್ಟು ಅದು ಕಚ್ಚುತ್ತದೆ ಎಂದು ಅವನು ನಗುನಗುತ್ತ ಹೇಳಿದ. ಅವನ ಬೆರಳಲ್ಲೂ ಒಂದಿತ್ತು. ಉಳಿದದ್ದು ಒಂದೇ ದಾರಿ, ಮೂಲಚಿತ್ರವನ್ನೇ ತಿದ್ದುವುದು. ಅದಕ್ಕೆ ಗುರಿಯ ಸಾಲು ಬದಲಾಗಬೇಕಿತ್ತು. ವೈಶಾಲಿ ಮತ್ತು ಹುಯಿಲಗೋಳರು ಇಬ್ಬರೂ ಒಪ್ಪಿ ತಮ್ಮ ಬೆರಳನ್ನು ಬೆರಳಚ್ಚಿನ ಯಂತ್ರದ ಮೇಲೆ ಇಡದೆ ಅದು ಬದಲಾಗುವಂತಿರಲಿಲ್ಲ. ಹೇಗೆ ಕೇಳಬೇಕು, ಏನೆಂದು ಒಪ್ಪಿಸಬೇಕು ಎಂದು ಅವಳು ಯೋಚಿಸುತ್ತಲೇ ಕೆಲವು ದಿನ ಕಳೆದುಬಿಟ್ಟಳು. ಆ ಕೆಲವು ದಿನಗಳು ಮುಂದೆ ಜೀವಮಾನವಿಡೀ ಅವಳನ್ನು ತಿಂದವು.

ಒಂದು ಮಧ್ಯಾಹ್ನ ಅತ್ತೆಗೆ ಮಾತ್ರೆ ಕೊಡಲೆಂದು ಖಾನಾವಳಿಗೆ ಹೋದಳು. ಇನ್ನೂ ಬೀದಿಯಲ್ಲಿರುವಾಗಲೇ ಗ್ಯಾಸಿನ ವಾಸನೆ ಮೂಗಿಗೆ ಬಡಿಯಿತು. ಹೊರಗಿನ ಬೆಂಚುಗಳ ಮೇಲೆ ಜನ ಕುಳಿತು ಉಣ್ಣುತ್ತಿದ್ದರು. ಒಳಗೆ ಅಡುಗೆಮನೆಯಲ್ಲಿ ಕಣ್ಣು ಉರಿಯುವಷ್ಟು ಗ್ಯಾಸು ತುಂಬಿತ್ತು. ರೊಟ್ಟಿ ಬಡಿಯುವ ಯಲ್ಲವ್ವ ಕೆಮ್ಮುತ್ತ, ಕೆಮ್ಮುತ್ತಲೇ ಹಿಟ್ಟಿನ ಉಂಡೆ ತಟ್ಟುತ್ತಿದ್ದಳು. ಗಂಗವ್ವ ಒಲೆಯ ಮುಂದೆ ಕಡ್ಡಿಪೆಟ್ಟಿಗೆ ಹುಡುಕುತ್ತಿದ್ದಳು.

“ಅತ್ತೀ! ಕಡ್ಡಿ ಗೀರಬ್ಯಾಡ್ರಿ! ಗ್ಯಾಸ್ ಸೋರಾಕತ್ತೈತಿ, ಹೊರಗ ಬರ್ರಿ!”

“ಹೌದು, ವಾಸನಿ ಬರಾಕತ್ತೈತಿ ಆವಾಗಿಂದ” ಅಂದಳು ಗಂಗವ್ವ. ಕದಲಲಿಲ್ಲ.

ದಾಕ್ಷಾಯಣಿ ಅತ್ತೆಯ ರಟ್ಟೆ ಹಿಡಿದು ಎಳೆದಳು. “ಯಲ್ಲವ್ವಾ, ಓಡು! ಓಡು ನಮ್ಮವ್ವಾ!” ಎಂದು ಚೀರಿದಳು. ಯಲ್ಲವ್ವ ಅವಳ ಮುಖ ನೋಡಿ, “ಇದೊಂದ್ ರೊಟ್ಟಿ ಆಗ್ಲಿ ತಡೀರಿ” ಅಂದಳು. ಗಂಗವ್ವನನ್ನು ಹೊಸ್ತಿಲು ದಾಟಿಸುವಷ್ಟರಲ್ಲಿ ಒಳಗೆಲ್ಲೋ ಫ್ರಿಜ್ಜಿನ ಕಿಡಿಯೋ ಏನೋ ತಾಗಿ ಗಾಳಿಯೇ ಹೊತ್ತಿಕೊಂಡಿತು. ಬಿಸಿಯ ಒಂದು ಗೋಡೆ ಬಂದು ಬೆನ್ನಿಗೆ ಗುದ್ದಿ ಇಬ್ಬರನ್ನೂ ಬೀದಿಗೆ ಎಸೆಯಿತು.

ಏಳಲು ಹೋದಾಗ ಅವಳಿಗೆ ಮೊದಲು ಕಂಡದ್ದು ಬೆಂಚುಗಳ ಮೇಲಿನ ಜನ. ಅವರು ತಾಟು ಹಿಡಿದು ಎದ್ದು, ರಸ್ತೆಯ ಆ ಬದಿಗೆ ಹೋಗಿ ಶಿಸ್ತಾಗಿ ನಿಂತು ಬೆಂಕಿಯನ್ನು ನೋಡುತ್ತಿದ್ದರು. ಯಾರೂ ಕೂಗಲಿಲ್ಲ. ಯಾರೂ ನೀರಿಗೆ ಓಡಲಿಲ್ಲ. ಅವಳು ಒಬ್ಬೊಬ್ಬರನ್ನೇ ಹಿಡಿದು ಜಗ್ಗಿ “ನೀರು ತರ್ರಿ!” ಎಂದು ಹೇಳಿದ ಮೇಲೆ ತಂದರು, ಹೇಳಿದಷ್ಟೇ ತಂದರು. ಗಂಗವ್ವ ಮಣ್ಣಲ್ಲಿ ಕುಳಿತು ಮುಂಗೈ ಮುಂದೆ ಚಾಚಿದ್ದಳು. ಮೊಣಕೈಯವರೆಗೆ ಚರ್ಮ ಸುಲಿದು ಜೋತಿತ್ತು.

“ಕೈ ಸುಟ್ಟೈತಿ ನೋಡು” ಎಂದು ಸೊಸೆಗೆ ತೋರಿಸಿದಳು.

ಯಲ್ಲವ್ವ ಆಸ್ಪತ್ರೆಯಲ್ಲಿ ತೀರಿಕೊಂಡಳು. ಕೊನೆಯವರೆಗೂ ನರಳಲಿಲ್ಲವಂತೆ. ಎಂಥ ಧೈರ್ಯದ ಹೆಂಗಸು ಎಂದು ನರ್ಸು ಹೊಗಳಿದಳು.

ಮರುದಿನ ಬೆಳಿಗ್ಗೆ ದಾಕ್ಷಾಯಣಿ ಕೂದಲು ಸುಟ್ಟ ತಲೆಯಲ್ಲೇ ಕಚೇರಿಗೆ ಹೋದಳು. ದಾರಿಯುದ್ದಕ್ಕೂ ಏನೇನು ಹೇಳಬೇಕೆಂದು ಜೋಡಿಸಿಕೊಂಡಿದ್ದಳು. ಕೈಮುಗಿಯಬೇಕು, ಒಪ್ಪದಿದ್ದರೆ ಪೊಲೀಸರಿಗೆ ಹೇಳುತ್ತೇನೆ ಎನ್ನಬೇಕು, ಅದಕ್ಕೂ ಬಗ್ಗದಿದ್ದರೆ ಕಾಲು ಹಿಡಿಯಬೇಕು. ನಿಯಂತ್ರಣ ಕೋಣೆಯಲ್ಲಿ ದೊಡ್ಡ ಪರದೆಯ ಮೇಲೆ ಉಡ ಮೆಲ್ಲಗೆ ತಿರುಗುತ್ತಿತ್ತು. ವೈಶಾಲಿಯೂ ಹುಯಿಲಗೋಳರೂ ಅದರ ಮುಂದೆ ಕುಳಿತು ಚಹಾ ಕುಡಿಯುತ್ತಿದ್ದರು.

“ಒಬ್ಬಾಕಿ ಸತ್ತಳು” ಎಂದು ಅವಳು ಶುರುಮಾಡಿದಳು. “ಅಂಜಿಕಿ ಇರಲಿಲ್ಲ, ಅದಕ್ಕ ಸತ್ತಳು. ಗುರಿ ಬದಲಿ ಮಾಡ್ರಿ. ಈಗಿಂದೀಗ ಮಾಡ್ರಿ. ಇಲ್ಲಾಂದ್ರ...”

“ಆಯ್ತು” ಅಂದರು ವೈಶಾಲಿ.

ಅವಳಿಗೆ ಅರ್ಥವಾಗಲಿಲ್ಲ.

“ನಿಮಗ ಸಮಾಧಾನ ಆಗ್ತದಂದ್ರ ಮಾಡೋಣಂತ. ಅದಕ್ಯಾಕ ಇಷ್ಟು ತ್ರಾಸ ಮಾಡ್ಕೋತೀರಿ?” ವೈಶಾಲಿ ಬೆರಳನ್ನು ಯಂತ್ರದ ಮೇಲಿಟ್ಟರು. ಹುಯಿಲಗೋಳರೂ ಚಹಾದ ಕಪ್ಪನ್ನು ಎಡಗೈಗೆ ಬದಲಿಸಿಕೊಂಡು ಬಲಗೈ ಇಟ್ಟರು. ಏನು ಬರೆಯುತ್ತೀರಿ ಎಂದು ಇಬ್ಬರೂ ಕೇಳಲಿಲ್ಲ. ವಿರೋಧಿಸುವ ಶಕ್ತಿಯನ್ನೂ ಉಡವೇ ಹೀರಿಬಿಟ್ಟಿತ್ತು. ತನ್ನ ಕೆಲಸ ಇಷ್ಟು ಸುಲಭವಾದದ್ದಕ್ಕೇ ದಾಕ್ಷಾಯಣಿಗೆ ಅಂಜಿಕೆಯಾಯಿತು. ಇದೇ ಜಾಗದಲ್ಲಿ ಬೇರೆ ಯಾರೋ ನಿಂತು ಬೇರೆ ಏನನ್ನೋ ಕೇಳಿದ್ದರೂ ಇವರು ಹೀಗೇ ಬೆರಳಿಡುತ್ತಿದ್ದರು.

ಅವಳು ಹಳೆಯ ಸಾಲನ್ನು ಅಳಿಸಿ ಬರೆದಳು: ‘ತೊಟ್ಟವರ ಭಾವನೆಯನ್ನು ಮುಟ್ಟಬಾರದು. ಯಾರನ್ನೂ ಬಲವಂತವಾಗಿ ಹಿಡಿಯಬಾರದು.’ ಬೆಳೆದ ಮೊನೆಗಳನ್ನು ಒಂದೊಂದಾಗಿ ಆರಿಸಿ ಹೊಟ್ಟೆಯ ಮಟ್ಟಕ್ಕೆ ತಗ್ಗಿಸಿದಳು. ಕೊನೆಗೆ ಉಡದ ಕೆಳದವಡೆಯನ್ನು ಹಿಡಿದು ತೆರೆದಳು. ಬಾಲ ಬಾಯಿಂದ ಜಾರಿತು. ಒಪ್ಪಿಗೆಯ ಗುಂಡಿ ಒತ್ತಿದಳು.

ವೈಶಾಲಿಯ ಉಂಗುರ ಮೇಜಿನ ಮೇಲೆ ಟಣ್ಣೆಂದು ಬಿತ್ತು.

ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ವೈಶಾಲಿಯ ತುಟಿ ಅದುರತೊಡಗಿತು. “ನನ್ನ ಮಗಳು...” ಅಂದರು. “ಮನಿ ಬಿಟ್ಟು ಹೋಗ್ಯಾಳ. ಹೋಗೂವಾಗ ಬಾಗಲದಾಗ ನಿಂತು ನನ್ನ ನೋಡಿದಳು. ನಾ ‘ಆಯ್ತು ಹೋಗಿ ಬಾ’ ಅಂದೆ. ಅಯ್ಯೋ ದೇವರೇ, ನಾ ಹಂಗ್ಯಾಕ ಅಂದೆ?” ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಕುರ್ಚಿಯಿಂದ ಕೆಳಗೆ ಜಾರಿದರು. ಹುಯಿಲಗೋಳರು ಕೈಯಲ್ಲಿದ್ದ ಕಪ್ಪನ್ನು ಗೋಡೆಗೆ ಬೀಸಿ ಒಗೆದು, ತಾನು ಒಗೆದದ್ದನ್ನು ಕಂಡು ತಾನೇ ಬೆದರಿದರು. ಪಕ್ಕದ ಕೋಣೆಯಿಂದ ಯಾರೋ ಚೀರಿದರು. ಮೇಲಿನ ಮಹಡಿಯಿಂದ ಇನ್ಯಾರೋ. ಕಿಟಕಿಯ ಹೊರಗೆ ಗೋಕುಲ ರಸ್ತೆಯಲ್ಲಿ ಬ್ರೇಕು ಹಾಕಿದ, ಡಿಕ್ಕಿ ಹೊಡೆದ ಸದ್ದುಗಳು. ಅವುಗಳ ಹಿಂದಿನಿಂದ ಒಂದು ದೊಡ್ಡ ಗೋಳು, ಎಲ್ಲಿಂದ ಎಂದು ಹೇಳಲಾಗದಂತೆ, ಊರಿಗೆ ಊರೇ ಬಾಯಿಬಿಟ್ಟಂತೆ ಮೇಲೆದ್ದಿತು. ತಿಂಗಳುಗಟ್ಟಲೆ ತಡೆದಿಟ್ಟ ಸಿಟ್ಟು, ಭಯ, ದುಃಖ ಎಲ್ಲವೂ ಒಂದೇ ಗಳಿಗೆಯಲ್ಲಿ ವಾಪಸು ಬಂದಿತ್ತು.

ಅವಳು ಆಸ್ಪತ್ರೆಗೆ ಓಡಿದಳು. ವಾರ್ಡಿನ ಬಾಗಿಲಲ್ಲೇ ಗಂಗವ್ವನ ಗಂಟಲು ಕೇಳಿಸಿತು. ಸುಟ್ಟ ಕೈಯ ಉರಿಗೆ ಒದ್ದಾಡುತ್ತ ಅವಳು “ಪ್ರಭೂ, ನನ್ನಪ್ಪಾ, ನಿನ್ನ ಮಣ್ಣು ಮಾಡಿ ಬಂದು ನಾ ಅನ್ನ ಉಂಡೆನಲ್ಲೋ” ಎಂದು ಎದೆ ಬಡಿದುಕೊಳ್ಳುತ್ತಿದ್ದಳು. ದಾಕ್ಷಾಯಣಿ ಅವಳನ್ನು ಅಪ್ಪಿ ಹಿಡಿದುಕೊಂಡಳು. ಗಂಗವ್ವ ಸೊಸೆಯ ಭುಜ ಕಚ್ಚಿ ಅತ್ತಳು. ಅಕ್ಕಪಕ್ಕದ ಹಾಸಿಗೆಗಳೂ ಅಳುತ್ತಿದ್ದವು.

ಆ ದಿನ ಕೆಲವರ ಎದೆ ಆ ಭಾರ ತಡೆಯಲಾರದೆ ನಿಂತೇಹೋಯಿತು. ಎಲ್ಲವನ್ನೂ ಒಮ್ಮೆಗೇ ಬಿಡುವ ಬದಲು ಸ್ವಲ್ಪಸ್ವಲ್ಪವಾಗಿ ಬಿಡಬಹುದಿತ್ತಲ್ಲ ಎಂದು ತನಿಖೆಗೆ ಬಂದ ಅಧಿಕಾರಿಗಳು ಅವಳನ್ನು ಕೇಳಿದರು. ಬಿಡಬಹುದಿತ್ತು. ಯಲ್ಲವ್ವನ ಸುಟ್ಟ ಮುಖ ಕಣ್ಣ ಮುಂದಿದ್ದಾಗ ಅವಳಿಗೆ ಅದು ಹೊಳೆದಿರಲಿಲ್ಲ. “ಹೌದು, ನನ್ನ ಕೈಲೇ ಆತು” ಎಂದು ಹೇಳಿ ಬಂದಳು. ಕೆಲಸ ಬಿಟ್ಟಳು. ಕಂಪನಿಯ ಬಾಗಿಲಿಗೆ ಬೀಗ ಬಿತ್ತು.

ಗಂಗವ್ವ ಗುಣವಾಗಿ ಮನೆಗೆ ಬಂದಳು. ಕೈ ಸೆಟೆದುಹೋಗಿತ್ತು, ರೊಟ್ಟಿ ಬಡಿಯಲಾಗುತ್ತಿರಲಿಲ್ಲ. ಕುಳಿತಲ್ಲಿಂದಲೇ ಎಲ್ಲರನ್ನೂ ಬೈಯುತ್ತಿದ್ದಳು. ಬೈಗುಳದ ನಡುವೆ ಪ್ರಭುವಿನ ನೆನಪಾದರೆ ಸೆರಗು ಬಾಯಿಗಿಟ್ಟುಕೊಂಡು ಅಳುತ್ತಿದ್ದಳು. ಅತ್ತು ಮುಗಿದ ಮೇಲೆ ಮೂಗು ಒರೆಸಿಕೊಂಡು ಮತ್ತೆ ಬೈಯುತ್ತಿದ್ದಳು. ಮೌನೇಶನಿಗೆ ಅಳು ಬರುತ್ತಿತ್ತು, ಮುಗಿಯುತ್ತಿರಲಿಲ್ಲ. ತಮ್ಮನಿಗೆ ಆ ಬೈಕು ಕೊಡಿಸಿದವನು ತಾನೇ ಎಂಬ ಒಂದೇ ಯೋಚನೆ ಹಿಡಿದು ಅಂಗಡಿ ಮುಚ್ಚಿ ಕುಳಿತಿರುತ್ತಿದ್ದ. ಊಟಕ್ಕೆ ಕರೆದರೆ ತಾಟು ನೋಡುತ್ತ ಕೂರುತ್ತಿದ್ದ.

ಮಳೆಗಾಲದ ಹೊತ್ತಿಗೆ ಕಂಪನಿಯ ಬೀಗ ತೆಗೆಯುವಂತೆ ಜನ ಅರ್ಜಿ ಹಾಕತೊಡಗಿದರು. ನಮಗೆ ಬಲವಂತ ಬೇಡ, ಆದರೆ ಆ ನೆಮ್ಮದಿ ಬೇಕು, ನಾವು ನಮ್ಮ ಇಚ್ಛೆಯಿಂದಲೇ ತೊಡುತ್ತೇವೆ ಎಂದು ಬೀದಿಗಿಳಿದು ಕೇಳಿದರು. ಬೇರೆ ಯಾರೋ ಕಂಪನಿ ಕೊಂಡರು. ಬೇಕೆಂದಾಗ ತೆಗೆಯಬಹುದಾದ ಉಂಗುರ, ಸರ್ಕಾರದ ಒಪ್ಪಿಗೆಯೊಂದಿಗೆ, ಅದೇ ಉಡದ ಆಕಾರದಲ್ಲಿ ಮತ್ತೆ ಬಂತು. ವೈಶಾಲಿ ಫೋನು ಮಾಡಿ, “ನೀವೂ ಬರ್ರಿ ದಾಕ್ಷಾಯಣಿ. ಈ ಸಲ ಯಾರಿಗೂ ಜುಲುಮಿ ಇಲ್ಲ” ಅಂದರು. ಧ್ವನಿ ಎಷ್ಟು ಮೃದುವಾಗಿತ್ತೆಂದರೆ, ಅವರು ಏನು ತೊಟ್ಟಿದ್ದಾರೆಂದು ಕೇಳುವ ಅಗತ್ಯವಿರಲಿಲ್ಲ. ಅವಳು ಫೋನಿಟ್ಟಳು.

ಒಂದು ಭಾನುವಾರ ಮೌನೇಶ ಪೇಟೆಗೆ ಹೋಗಿ ಬಂದ. ಬಹಳ ದಿನಗಳ ಮೇಲೆ ಗಡ್ಡ ಮಾಡಿಸಿಕೊಂಡಿದ್ದ. ಊಟ ಮಾಡಿ, ತಾನೇ ತಾಟು ಎತ್ತಿಕೊಂಡು ಹೋಗಿ ನಲ್ಲಿಯ ಕೆಳಗೆ ತೊಳೆಯತೊಡಗಿದ. ದಾಕ್ಷಾಯಣಿ ಹತ್ತಿರ ಹೋಗಿ ಅವನ ಒದ್ದೆ ಕೈಯನ್ನು ಹಿಡಿದು ಬೆಳಕಿಗೆ ತಂದಳು. ಉಂಗುರದ ಬೆರಳಲ್ಲಿ ಹೊಸ ಉಡ ಹೊಳೆಯುತ್ತಿತ್ತು.

ಅವಳು ಅದನ್ನು ಹಿಡಿದು ಜಗ್ಗಿದಳು. ಬಿಗಿಯುತ್ತದೆ ಎಂದು ಹಲ್ಲು ಕಚ್ಚಿ ಜಗ್ಗಿದ್ದಳು. ಅದು ಎಣ್ಣೆ ಹಚ್ಚಿದಂತೆ ಜಾರಿ ಅವಳ ಅಂಗೈಗೆ ಬಂತು. ಹೊಟ್ಟೆಯ ಹುರುಪೆಗಳು ಮೆತ್ತಗೆ ಉಸಿರಾಡುತ್ತಿದ್ದವು. ಉಡ ಯಾರನ್ನೂ ಹಿಡಿದಿರಲಿಲ್ಲ.

ಮೌನೇಶನ ಮುಖ ಅವಳ ಕಣ್ಣೆದುರೇ ಕುಸಿಯಿತು. ಗದ್ದ ನಡುಗಿತು, ಕಣ್ಣು ತುಂಬಿತು. “ಕೊಡು” ಅಂದ.

“ಬ್ಯಾಡ್ರಿ. ನಾ ಅದೀನಿ. ಇಬ್ರೂ ಕೂಡಿ ಅಳೂಣು. ಒಂದಲ್ಲ ಒಂದಿನ ಕಡಿಮಿ ಆಗತೈತಿ.”

“ನನ್ನ ಕೈಲೆ ಆಗವಲ್ದು ದಾಕ್ಷಾ. ಕಣ್ಣು ಮುಚ್ಚಿದ್ರ ಅವನ ಬರ್ತಾನ. ಕೊಡು, ನಿನ್ನ ಕಾಲ್ ಬೀಳ್ತೀನಿ.”

ಅವಳು ಕೊಡಲಿಲ್ಲ. ಆದರೆ ಅವನು ಅವಳ ಬೆರಳುಗಳನ್ನು ಒಂದೊಂದಾಗಿ, ನೋಯದಂತೆ ಬಿಡಿಸಿ ಉಂಗುರ ತೆಗೆದುಕೊಂಡಾಗ ಅವಳಿಂದ ತಡೆಯಲೂ ಆಗಲಿಲ್ಲ. ಅವನು ಅದನ್ನು ತೊಟ್ಟು ಮುಷ್ಟಿ ಕಟ್ಟಿದ. ಆ ಮುಷ್ಟಿಯ ಮೇಲೆ ಇನ್ನೊಂದು ಕೈಯನ್ನೂ ಒತ್ತಿ ಹಿಡಿದು ಗೋಡೆಗೊರಗಿ ಕಣ್ಣು ಮುಚ್ಚಿದ. ಅವನ ಹಣೆಯ ಗೆರೆಗಳು ಒಂದೊಂದೇ ಅಳಿಸಿಹೋಗುವುದನ್ನು ಅವಳು ನಿಂತು ನೋಡಿದಳು. ಕೆನ್ನೆಯ ಮೇಲಿನ ನೀರು ಮಾತ್ರ ಒಣಗದೆ ಉಳಿದಿತ್ತು.

ಕಣ್ಣು ತೆರೆದು ಅವಳತ್ತ ನೋಡಿ ಅವನು ನಕ್ಕ.

“ಯಾಕ ಅಳಾಕತ್ತಿ?” ಎಂದು ಮೆಲ್ಲಗೆ ಕೇಳಿದ. “ಚಹಾ ಮಾಡ್ಲೇನು?”